ಬಟ್ಟೆಗೆಂದು ಬಿಟ್ಟ ಬೆಳಕು

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಅಂದ್ರೆ ಎಲ್ಲರಿಗೂ ಗಿರಣಿಯ ಚಿಮಣಿ ನೆನಪಾಗುತ್ತದೆ. ಆದರೆ ಊರ ನಡುವೆ ಓಡಾಡಿದರೆ ಕಣ್ಣಿಗೆ ಬೀಳುವುದು ಜಾಸ್ತಿ ಬಟ್ಟೆಯ ಗೋದಾಮುಗಳೇ. ನೂಲುವುದು, ನೇಯುವುದು ಹೆಚ್ಚಾಗಿ ಸುತ್ತಲಿನ ಊರುಗಳಲ್ಲಿ ನಡೆಯುತ್ತಿತ್ತು. ಮಾರಾಟ ಮಾತ್ರ ಇಲ್ಲಿ. ಹಳೆಯ ಕಟ್ಟಡಗಳಲ್ಲಿ ಆಫೀಸು ಮಾಡಿಕೊಡುವುದು ನನ್ನ ಕೆಲಸ. ಇಂಥ ಗೋದಾಮಿಗೆ ಕಾಲಿಟ್ಟರೆ ನಾನು ಮೊದಲು ನೋಡುವುದು ಕಿಟಕಿ.

ಬಟ್ಟೆ ಕೊಳ್ಳುವವರಿಗೆ ಬಣ್ಣ ಸರಿಯಾಗಿ ಕಾಣಬೇಕು, ನೇಯ್ಗೆಯ ತಪ್ಪು ಕಾಣಬೇಕು. ಗ್ಯಾಸ್ ದೀಪದ ಹಳದಿ ಬೆಳಕಲ್ಲಿ ಅದೆಲ್ಲ ಎಲ್ಲಿ ಕಾಣುತ್ತೆ? ಬಟ್ಟೆ ತುಂಬಿಟ್ಟ ಕಡೆ ಬೆಂಕಿಯ ಭಯ ಬೇರೆ. ಹಾಗಾಗಿ ಹಗಲಿನ ಬೆಳಕೇ ಬೇಕಾಯಿತು. ಒಳಗಿನ ಮಹಡಿಗಳ ಭಾರವನ್ನು ಎರಕದ ಕಬ್ಬಿಣದ ಕಂಬಗಳು ಹೊತ್ತವು. ಹೊರಗೋಡೆಯಲ್ಲಿ ದೊಡ್ಡ ದೊಡ್ಡ ಕಿಟಕಿ ಬಿಡಲು ಅದರಿಂದ ಅನುಕೂಲವಾಯಿತು. ಎಷ್ಟೋ ಕಟ್ಟಡಗಳಲ್ಲಿ ನಡುವೆ ಬಾವಿಯಂತೆ ಜಾಗ ಬಿಟ್ಟು, ಅದರ ಗೋಡೆಗೆ ಹೊಳೆಯುವ ಬಿಳಿ ಇಟ್ಟಿಗೆ ಕಟ್ಟಿದರು. ಮೇಲಿಂದ ಬಿದ್ದ ಬೆಳಕು ಗೋಡೆಗೆ ತಾಗಿ ಒಳಗೆ ಹರಡಲಿ ಅಂತ. ನನಗೆ ಈ ಬಿಳಿ ಇಟ್ಟಿಗೆಯ ಮೇಲೆ ಮುಂಭಾಗದ ಕೆತ್ತನೆಗಿಂತ ಪ್ರೀತಿ ಜಾಸ್ತಿ.

ಮುಂಭಾಗ ಚೆನ್ನಾಗಿಲ್ಲ ಅಂತಲ್ಲ. 1839ರಲ್ಲಿ ವಾಸ್ತುಶಿಲ್ಪಿ ಎಡ್ವರ್ಡ್ ವಾಲ್ಟರ್ಸ್ ಮೋಸ್ಲಿ ಸ್ಟ್ರೀಟಿನಲ್ಲಿ ಬಟ್ಟೆ ವ್ಯಾಪಾರಿ ರಿಚರ್ಡ್ ಕಾಬ್ಡನ್‌ಗೆ ಇಟಲಿಯ ಅರಮನೆಯ ಮಾದರಿಯಲ್ಲಿ ಗೋದಾಮು ಕಟ್ಟಿಕೊಟ್ಟ. ಆಮೇಲೆ ವ್ಯಾಪಾರಿಗಳಿಗೆಲ್ಲ ಅದೇ ಬೇಕಾಯಿತು. ಮೆಟ್ಟಿಲು ಹತ್ತಿ ಒಳಗೆ ಬಂದ ಗಿರಾಕಿಗೆ ಇವರ ಮೇಲೆ ನಂಬಿಕೆ ಬರಬೇಕು, ಅಲ್ವಾ? ಹಿಂಬದಿಯಲ್ಲಿ ಮಾತ್ರ ಬರೀ ಇಟ್ಟಿಗೆ ಗೋಡೆ, ಸರಕು ಇಳಿಸುವ ಬಾಗಿಲು. ನೆಲಮಾಳಿಗೆಯಲ್ಲಿ ಬಟ್ಟೆಯನ್ನು ಒತ್ತಿ ಬೇಲು ಕಟ್ಟುವ ಪ್ರೆಸ್ಸುಗಳು. 1894ರಿಂದ ಅವನ್ನು ನಡೆಸಲು ಬೇಕಾದ ಒತ್ತಡದ ನೀರನ್ನು ನಗರಪಾಲಿಕೆಯೇ ರಸ್ತೆಯಡಿಯ ಪೈಪುಗಳಲ್ಲಿ ಕೊಡುತ್ತಿತ್ತು. 1972ರವರೆಗೂ ಆ ವ್ಯವಸ್ಥೆ ನಡೆಯಿತು.

ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿರುವ, ಟೂಟಲ್ ಎಂಬ ಬಟ್ಟೆ ಕಂಪನಿಯ ಕಟ್ಟಡ 1898ರದು. ಕೆಂಪು ಇಟ್ಟಿಗೆ, ನಡುನಡುವೆ ಟೆರಾಕೋಟದ ಪಟ್ಟೆ, ಮಹಡಿಗಳುದ್ದಕ್ಕೂ ಏರಿದ ಕಂಬಗಳು. ಈಗ ಅದರಲ್ಲಿ ಆಫೀಸುಗಳಿವೆ. ಪಕ್ಕದ ಲೀ ಹೌಸ್ 17 ಮಹಡಿ ಏರಬೇಕಿತ್ತು. 1930ರ ಸುಮಾರಿಗೆ ವ್ಯಾಪಾರ ಬಿದ್ದುಹೋಗಿ 8ಕ್ಕೇ ನಿಂತಿತು.

ಇಂಥ ಗೋದಾಮು ಆಫೀಸಾಗಲು ಕಷ್ಟಪಡಬೇಕಿಲ್ಲ. ಅಗಲವಾದ ನೆಲ, ಎತ್ತರದ ಚಾವಣಿ, ಬೇಲುಗಳನ್ನು ಹೊತ್ತ ಗಟ್ಟಿತನ, ಎಲ್ಲ ಮೊದಲೇ ಇದೆ. ಕೆಡುವುದು ನಮ್ಮ ಕೈಯಲ್ಲೇ. ಒಂದು ಕಂಪನಿಯವರು ತಂಪು ಗಾಳಿಯ ಕೊಳವೆ ಮುಚ್ಚಲು ಫಾಲ್ಸ್ ಸೀಲಿಂಗ್ ಬೇಕೆಂದು ಹಟ ಹಿಡಿದರು. ಹಾಕಿದರೆ ಕಿಟಕಿಯ ಮೇಲಿನ ಕಮಾನೇ ಮುಚ್ಚಿಹೋಗುತ್ತಿತ್ತು. ಕೋಣೆಯ ಒಳಭಾಗದವರೆಗೆ ಬೆಳಕು ಮುಟ್ಟಿಸುವುದೇ ಆ ಮೇಲಿನ ಗಾಜು! ನಾನು ಒಪ್ಪಲಿಲ್ಲ. ಜಗಳವೇ ಆಯಿತು. ಕೊನೆಗೆ ಕೊಳವೆಗಳನ್ನು ನಡುವಿನ ಓಣಿಯ ಮೇಲೆ ಹಾಗೇ ಕಾಣುವಂತೆ ಬಿಟ್ಟೆವು. ಮೀಟಿಂಗ್ ಕೋಣೆಗಳನ್ನು ಒಳಕ್ಕೆ ತಳ್ಳಿ ಗಾಜು ಹಾಕಿದೆವು. ಮೇಜುಗಳೆಲ್ಲ ಕಿಟಕಿ ಪಕ್ಕಕ್ಕೆ ಬಂದವು.

ನೀವು ಇಂಥ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದರೆ ಒಮ್ಮೆ ಹಿಂದಿನ ಓಣಿಗೂ ಹೋಗಿ ನೋಡಿ. ಸರಕು ಎತ್ತುತ್ತಿದ್ದ ಬಾಗಿಲುಗಳ ಗುರುತು ಎಷ್ಟೋ ಕಡೆ ಇನ್ನೂ ಗೋಡೆಯಲ್ಲಿದೆ.