ವದಂತಿಯ ನಡುವಿನ ನಿಜ: ಲಸಿಕೆಯ ಭಯದೊಂದಿಗೆ ಕೆಲಸ ಮಾಡುವವರಿಗೆ

ಲಸಿಕೆ ಕಾರ್ಯಕ್ರಮದಲ್ಲಿ ಜನರ ಪ್ರಶ್ನೆಗಳಿಗೆ ಉತ್ತರ ಕೊಡುವ ಕೆಲಸಕ್ಕೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಶುರು ಮಾಡುವುದು ಹೀಗೆ: ಕೈಗೆ ಸಿಕ್ಕ ಫಾರ್ವರ್ಡ್ ಮೆಸೇಜಿನ ಒಂದೊಂದು ಸಾಲನ್ನೂ ಹಿಡಿದು ಸುಳ್ಳೆಂದು ತೋರಿಸುತ್ತ ಹೋಗುತ್ತಾರೆ. ಶ್ರಮ ಬಹಳ, ಫಲ ಕಡಿಮೆ. ವರ್ಷಗಟ್ಟಲೆ ಬಾಳುವ ವದಂತಿಯ ನಡುವೆ ಬಹುಮಟ್ಟಿಗೆ ಒಂದು ನಿಜ ಕೂತಿರುತ್ತದೆ. ಒಂದು ಮಗು ನಿಜವಾಗಿಯೂ ತೀರಿಕೊಂಡಿರುತ್ತದೆ, ಒಂದು ಪ್ರಬಂಧ ನಿಜವಾಗಿಯೂ ಅಚ್ಚಾಗಿರುತ್ತದೆ, ಒಂದು ಊರಿಗೆ ನಿಜವಾಗಿಯೂ ಅನ್ಯಾಯವಾಗಿರುತ್ತದೆ. ಅದನ್ನು ಮುಟ್ಟದೆ ಸುತ್ತಲಿನ ಸುಳ್ಳನ್ನಷ್ಟೇ ಅಲ್ಲಗಳೆದರೆ, ನಾವೇ ಏನನ್ನೋ ಮುಚ್ಚಿಡುತ್ತಿದ್ದೇವೆ ಎಂದು ಕೇಳುವವರಿಗೆ ಅನ್ನಿಸುತ್ತದೆ. ಉತ್ತರ ಬರೆಯಲು ಕೂರುವ ಮೊದಲು ಆ ನಿಜ ಯಾವುದೆಂದು ಹುಡುಕಬೇಕು.

ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾದಲ್ಲಿ ನಡೆದದ್ದನ್ನು ಈ ಕ್ಷೇತ್ರದಲ್ಲಿರುವ ಪ್ರತಿಯೊಬ್ಬರೂ ತಿಳಿದಿರಬೇಕು. 2018ರ ಜುಲೈಯಲ್ಲಿ ಅಲ್ಲಿ ದಡಾರ, ಮಂಗನಬಾವು, ರುಬೆಲ್ಲಾ ಮೂರನ್ನೂ ತಡೆಯುವ ಎಂಎಂಆರ್ ಲಸಿಕೆ ಕೊಟ್ಟ ಸ್ವಲ್ಪ ಹೊತ್ತಿಗೇ ಎರಡು ಕೂಸುಗಳು ಸತ್ತವು. ತನಿಖೆಯಲ್ಲಿ ಗೊತ್ತಾದದ್ದು: ಲಸಿಕೆಯ ಪುಡಿಗೆ ಬೆರೆಸಬೇಕಾದ ನೀರಿನ ಬದಲು, ಅರಿವಳಿಕೆ ಕೊಡುವಾಗ ಬಳಸುವ, ಸ್ನಾಯು ಸಡಿಲಿಸುವ, ಅವಧಿ ಮುಗಿದ ಔಷಧವನ್ನು ಬೆರೆಸಲಾಗಿತ್ತು. ಸರ್ಕಾರ ಲಸಿಕೆಯನ್ನು ತಿಂಗಳುಗಟ್ಟಲೆ ನಿಲ್ಲಿಸಿತು. ಮತ್ತೆ ಶುರುವಾದಾಗ ಬರುವವರೇ ಕಡಿಮೆ. 2019ರ ಕೊನೆಗೆ ದಡಾರ ಹೊಕ್ಕಿತು. ಸುಮಾರು 2 ಲಕ್ಷ ಜನರಿರುವ ಆ ದೇಶದಲ್ಲಿ 5,700ಕ್ಕೂ ಹೆಚ್ಚು ಮಂದಿಗೆ ರೋಗ ತಗುಲಿ 83 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. "ಲಸಿಕೆ ಹಾಕಿಸಿದ ಮೇಲೆ ಮಕ್ಕಳು ಸತ್ತವು" ಎಂದು ಹೇಳಿದ ತಾಯಂದಿರು ಸುಳ್ಳು ಹೇಳುತ್ತಿರಲಿಲ್ಲ. ಲಸಿಕೆಯ ದೋಷ ಬೇರೆ, ಲಸಿಕೆ ಹಾಕಿದ ರೀತಿಯ ದೋಷ ಬೇರೆ ಎಂಬುದನ್ನು ಯಾರೂ ಅವರಿಗೆ ಮನಮುಟ್ಟುವಂತೆ, ಸಾಕಷ್ಟು ಬೇಗ ಹೇಳಲಿಲ್ಲ.

ಹೀಗಾಗಿ ವದಂತಿ ತಡೆಯುವ ಕೆಲಸ ಫ್ರಿಜ್‌ನಿಂದಲೇ ಶುರುವಾಗುತ್ತದೆ. ಲಸಿಕೆ ಇಡುವ ಫ್ರಿಜ್‌ನಲ್ಲಿ ಬೇರೆ ಯಾವ ಔಷಧದ ಬಾಟಲಿಯೂ ಇರಕೂಡದು. ಪುಡಿರೂಪದ ಲಸಿಕೆಗೆ ಅದೇ ತಯಾರಕರು ಅದರ ಜೊತೆ ಕಳಿಸಿದ ದ್ರಾವಕವನ್ನೇ ಬೆರೆಸಬೇಕು, ಬೆರೆಸುವ ಮೊದಲು ಎರಡೂ ಬಾಟಲಿಗಳ ಚೀಟಿಯನ್ನು ಓದಬೇಕು. ಬೆರೆಸಿದ ದಡಾರ ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿಟ್ಟು, 6 ಗಂಟೆ ಕಳೆದ ಮೇಲೆ ಅಥವಾ ಅಂದಿನ ಕೆಲಸ ಮುಗಿದ ಮೇಲೆ, ಯಾವುದು ಮೊದಲೋ ಆಗ, ಚೆಲ್ಲಬೇಕು. ಅದರಲ್ಲಿ ಸಂರಕ್ಷಕ ಇರುವುದಿಲ್ಲ. ಸೂಜಿಯ ಮೂಲಕ ಒಳಹೊಕ್ಕ ಬ್ಯಾಕ್ಟೀರಿಯಾ ಬೆಳೆದು ವಿಷ ಉಗುಳಿದರೆ ಮಗು ಕೆಲವೇ ಗಂಟೆಗಳಲ್ಲಿ ಸಾಯಬಹುದು. ಇಂಥ ಒಂದು ಸಾವಿನ ನಂತರ ಎಷ್ಟು ಕರಪತ್ರ ಹಂಚಿದರೂ ಹೋದ ನಂಬಿಕೆ ಬೇಗ ಮರಳುವುದಿಲ್ಲ.

ಲಸಿಕೆಯ ನಂತರ ಆಗುವ ತೊಂದರೆಗಳನ್ನು ತನಿಖೆಯಲ್ಲಿ ಐದು ಬಗೆಯಾಗಿ ವಿಂಗಡಿಸುತ್ತಾರೆ: ಲಸಿಕೆಯ ಸ್ವಭಾವದಿಂದಲೇ ಆದದ್ದು, ತಯಾರಿಕೆಯ ದೋಷದಿಂದ ಆದದ್ದು, ಹಾಕುವಾಗಿನ ತಪ್ಪಿನಿಂದ ಆದದ್ದು, ಆತಂಕದಿಂದ ಆದದ್ದು, ಕಾಕತಾಳೀಯವಾಗಿ ಆದದ್ದು. ಹೆತ್ತವರಿಗೆ ಒಪ್ಪಿಸಲು ಅತಿ ಕಷ್ಟವಾದದ್ದು ಕೊನೆಯದು. ಇದಕ್ಕೆ ಒಂದು ಲೆಕ್ಕ ಮಾಡಿಟ್ಟುಕೊಳ್ಳಿ. ಒಂದು ಪ್ರದೇಶದಲ್ಲಿ ವರ್ಷಕ್ಕೆ 10 ಲಕ್ಷ ಮಕ್ಕಳು ಹುಟ್ಟುತ್ತಾರೆ, ಒಂದು ತಿಂಗಳು ದಾಟಿದ ಮೇಲೆ ವರ್ಷ ತುಂಬುವುದರೊಳಗೆ ಸಾವಿರಕ್ಕೆ 5 ಮಕ್ಕಳು ಬೇರೆಬೇರೆ ಕಾರಣಕ್ಕೆ ಸಾಯುತ್ತಾರೆ ಎಂದುಕೊಳ್ಳೋಣ. ಒಟ್ಟು 5,000 ಸಾವು, 335 ದಿನ. ದಿನಕ್ಕೆ ಸುಮಾರು 15. ಆ ಅವಧಿಯಲ್ಲಿ ಪ್ರತಿ ಮಗುವಿಗೂ ಮೂರು ಬಾರಿ ಲಸಿಕೆ ಹಾಕಿದರೆ, ಹಾಕಿದ 24 ಗಂಟೆಯೊಳಗೆ ಸುಮಾರು 45 ಸಾವುಗಳು ಬೀಳುತ್ತವೆ. ಸಿರಿಂಜಿನಲ್ಲಿ ಬರೀ ನೀರಿದ್ದರೂ ಅಷ್ಟೇ. (ಜ್ವರ ಜೋರಾಗಿರುವ ಮಕ್ಕಳಿಗೆ ಲಸಿಕೆ ಮುಂದೂಡುವುದರಿಂದ ನಿಜದ ಸಂಖ್ಯೆ ತುಸು ಕಡಿಮೆಯಿರುತ್ತದೆ.) ನಿಮ್ಮ ಪ್ರದೇಶದ ಅಂಕಿಗಳನ್ನಿಟ್ಟು ಈ ಲೆಕ್ಕವನ್ನು ಅಭಿಯಾನಕ್ಕೆ ಮುಂಚೆಯೇ ಮಾಡಿ ಪತ್ರಕರ್ತರಿಗೆ ಕೊಟ್ಟಿರಬೇಕು. ಸಾವು ನಡೆದ ಮೇಲೆ ಅದೇ ಲೆಕ್ಕ ತೆಗೆದರೆ ಕಲ್ಲೆದೆಯ ಮಾತಾಗುತ್ತದೆ. ಮಗುವನ್ನು ಕಳೆದುಕೊಂಡವರ ಮುಂದಂತೂ ಅದನ್ನು ಎತ್ತಲೇಬಾರದು.

ಎಂಎಂಆರ್ ಹಾಕಿಸಿದರೆ ಮಕ್ಕಳಿಗೆ ಆಟಿಸಂ (ಮಾತು, ಒಡನಾಟದ ಬೆಳವಣಿಗೆ ಬೇರೆಯಾಗಿರುವ ಸ್ಥಿತಿ) ಬರುತ್ತದೆ ಎಂಬ ವದಂತಿಯ ಹಿಂದಿರುವುದೂ ಇಂಥದೇ ಕಾಕತಾಳೀಯ. ಆಟಿಸಂನ ಲಕ್ಷಣಗಳು ಹೆತ್ತವರ ಕಣ್ಣಿಗೆ ಬೀಳುವ ವಯಸ್ಸೂ ಮೊದಲ ಎಂಎಂಆರ್ ಹಾಕುವ ವಯಸ್ಸೂ ಹೆಚ್ಚುಕಡಿಮೆ ಒಂದೇ. ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದು ಬರೀ 12 ಮಕ್ಕಳ ವಿವರ. ನಂಟು ಸಾಬೀತಾಗಿಲ್ಲವೆಂದು ಪ್ರಬಂಧದಲ್ಲೇ ಬರೆದಿತ್ತು. ಭಯ ಹುಟ್ಟಿದ್ದು ಪತ್ರಿಕಾಗೋಷ್ಠಿಯಲ್ಲಿ, ಮೂರು ಲಸಿಕೆಗಳನ್ನು ಬೇರೆಬೇರೆಯಾಗಿ ಹಾಕಿಸಿ ಎಂದು ಆತ ಹೇಳಿದಾಗ. 2004ರಲ್ಲಿ ಸಹಲೇಖಕರಲ್ಲಿ 10 ಮಂದಿ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ವ್ಯಾಖ್ಯಾನದಿಂದ ಹಿಂದೆ ಸರಿದರು. ಲಸಿಕೆ ಕಂಪನಿಗಳ ಮೇಲೆ ದಾವೆ ಹೂಡುತ್ತಿದ್ದ ವಕೀಲರಿಂದ ಆತ ಹಣ ಪಡೆದದ್ದನ್ನು ಪತ್ರಕರ್ತ ಬ್ರಯನ್ ಡೀರ್ ಹೊರಗೆಳೆದರು. ಪತ್ರಿಕೆ ಪ್ರಬಂಧವನ್ನು ಪೂರ್ತಿಯಾಗಿ ಹಿಂತೆಗೆದುಕೊಂಡದ್ದು 2010ರಲ್ಲಿ, ಅಂದರೆ 12 ವರ್ಷದ ಮೇಲೆ. ಅಷ್ಟರೊಳಗೆ ಬ್ರಿಟನ್ನಿನಲ್ಲಿ ಎಂಎಂಆರ್ ಪ್ರಮಾಣ ಶೇ. 92ರ ಆಸುಪಾಸಿನಿಂದ ಶೇ. 80ಕ್ಕೆ ಇಳಿದಿತ್ತು. ದಡಾರ ಹಬ್ಬದಂತೆ ತಡೆಯಲು ಶೇ. 95 ಬೇಕು. ಡೆನ್ಮಾರ್ಕಿನಲ್ಲಿ 6.5 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಸಿಕೆ ಪಡೆದವರಲ್ಲಿ ಆಟಿಸಂ ಹೆಚ್ಚೆಂದು ಕಾಣಲಿಲ್ಲ. ಆದರೂ 12 ಮಕ್ಕಳ ಕತೆ ಓಡಿದಷ್ಟು ದೂರ 6.5 ಲಕ್ಷ ಮಕ್ಕಳ ಲೆಕ್ಕ ಓಡಲಿಲ್ಲ.

ಏಕೆ ಓಡಲಿಲ್ಲ ಎಂಬುದಕ್ಕೆ ಕೆಲವು ಉತ್ತರಗಳಿವೆ. ಟ್ವಿಟರಿನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿ 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ಶೇ. 70ರಷ್ಟು ಹೆಚ್ಚು. ಯಂತ್ರ ನಡೆಸುವ ಖಾತೆಗಳನ್ನು ತೆಗೆದು ನೋಡಿದರೂ ಫಲಿತಾಂಶ ಬದಲಾಗಲಿಲ್ಲ, ಹಂಚುತ್ತಿದ್ದವರು ಮನುಷ್ಯರೇ. ಇನ್ನೊಂದು, ಒಂದೇ ಮಾತನ್ನು ಮತ್ತೆಮತ್ತೆ ಕೇಳಿದರೆ ಅದು ನಿಜವೆನ್ನಿಸತೊಡಗುತ್ತದೆ. ಮನೆಯವರ ಗುಂಪಿನಲ್ಲಿ, ಶಾಲೆಯ ಗುಂಪಿನಲ್ಲಿ, ಆಫೀಸಿನ ಗುಂಪಿನಲ್ಲಿ ಒಂದೇ ಆಡಿಯೊ ಬಂದರೆ, ಮೂಲ ಒಂದೇ ಎಂಬುದು ಕೇಳುವವರಿಗೆ ಹೊಳೆಯುವುದಿಲ್ಲ; ಮೂರು ಕಡೆಯಿಂದ ಖಾತ್ರಿಯಾಯಿತು ಅನ್ನಿಸುತ್ತದೆ. ಕಳಿಸಿದವರು ಕೆಡುಕು ಬಯಸಿದವರಲ್ಲ. ತಮ್ಮವರು ಚೆನ್ನಾಗಿರಲಿ ಎಂಬ ಕಾಳಜಿಯೇ ಅವರ ಬೆರಳಿನಿಂದ ಫಾರ್ವರ್ಡ್ ಒತ್ತಿಸುತ್ತದೆ. ಅವರನ್ನು ಮೂರ್ಖರೆಂದು ಕರೆದ ಅಧಿಕಾರಿ ಆ ಗುಂಪನ್ನೇ ಕಳೆದುಕೊಂಡಂತೆ.

ಸಂಖ್ಯೆಗಳಿರುವ ವದಂತಿ ಎಲ್ಲಕ್ಕಿಂತ ಗಟ್ಟಿ, ಯಾಕೆಂದರೆ ಸಂಖ್ಯೆ ಸರಿಯಾಗಿಯೇ ಇರಬಹುದು. ಒಂದು ಶಾಲೆಯಲ್ಲಿ 100 ಮಕ್ಕಳು. 95 ಮಂದಿ ದಡಾರದ ಎರಡೂ ಡೋಸ್ ಪಡೆದವರು, 5 ಮಂದಿ ಪಡೆಯದವರು. ಎರಡು ಡೋಸ್ ಸುಮಾರು ಶೇ. 97 ರಕ್ಷಣೆ ಕೊಡುತ್ತದೆ. ಎಲ್ಲರಿಗೂ ಸೋಂಕು ತಾಕಿದರೆ 95ರಲ್ಲಿ ಸುಮಾರು 3 ಮಂದಿಗೆ, 5ರಲ್ಲಿ ಹತ್ತಿರಹತ್ತಿರ 5 ಮಂದಿಗೂ ರೋಗ ಬರುತ್ತದೆ. "ಕಾಯಿಲೆ ಬಿದ್ದ 8 ಮಕ್ಕಳಲ್ಲಿ 3 ಮಂದಿ ಲಸಿಕೆ ಪಡೆದವರೇ" ಎಂಬ ಸುದ್ದಿ ಹೊರಡುತ್ತದೆ, ಅದು ಸುಳ್ಳಲ್ಲ. ಒಟ್ಟು ಎಷ್ಟು ಜನರಲ್ಲಿ ಎಂಬುದಷ್ಟೇ ಬಿಟ್ಟುಹೋಗಿರುತ್ತದೆ. 95ರಲ್ಲಿ 3, 5ರಲ್ಲಿ 5 ಎಂದು ಎರಡು ಸಾಲು ಬರೆದು ತೋರಿಸಿ. ಉಪನ್ಯಾಸ ಬೇಕಿಲ್ಲ.

ಅನ್ಯಾಯದ ನೆನಪು ಅಂಕಿ ಅಂಶಕ್ಕೆ ಬಗ್ಗುವುದಿಲ್ಲ. ನೈಜೀರಿಯಾದ ಕಾನೊ ರಾಜ್ಯ 2003ರಲ್ಲಿ ಪೋಲಿಯೊ ಹನಿಯನ್ನು ನಿಲ್ಲಿಸಿದಾಗ, ಅದು ಹೆಣ್ಣುಮಕ್ಕಳನ್ನು ಬಂಜೆ ಮಾಡುತ್ತದೆ ಎಂಬ ಮಾತು ಹೊರಗಿನವರಿಗೆ ಹುಚ್ಚುತನವಾಗಿ ಕಂಡಿತು. ಅದೇ ಕಾನೊದಲ್ಲಿ 1996ರ ಮೆನಿಂಜೈಟಿಸ್ (ಮಿದುಳುಪೊರೆಯ ಉರಿಯೂತ) ಪಿಡುಗಿನ ಹೊತ್ತಿಗೆ ಫೈಜರ್ ಕಂಪನಿ ಟ್ರೋವನ್ ಎಂಬ ಔಷಧವನ್ನು 200 ಮಕ್ಕಳಿದ್ದ ಪ್ರಯೋಗದಲ್ಲಿ ಪರೀಕ್ಷಿಸಿತ್ತು; 11 ಮಕ್ಕಳು ಸತ್ತಿದ್ದರು. ಸಾವಿಗೆ ಕಾರಣ ರೋಗವೇ ಎಂದು ಕಂಪನಿ ಹೇಳಿತು, ಪ್ರಯೋಗವೆಂದು ತಮಗೆ ತಿಳಿಸಲೇ ಇಲ್ಲವೆಂದು ಹೆತ್ತವರು ದಾವೆ ಹೂಡಿದ್ದರು, ಅದು ಆಗಿನ್ನೂ ಇತ್ಯರ್ಥವಾಗಿರಲಿಲ್ಲ. ಅಲ್ಲಿನವರ ಸಂಶಯಕ್ಕೆ ಬೇರಿತ್ತು. ಬಿಕ್ಕಟ್ಟು ಬಗೆಹರಿದದ್ದು ಅವರೇ ನಂಬುವ ದಾರಿಯಲ್ಲಿ: ತಮ್ಮಂತೆ ಮುಸ್ಲಿಮರೇ ಹೆಚ್ಚಿರುವ ಇಂಡೊನೇಷ್ಯಾದಲ್ಲಿ ತಯಾರಾದ ಲಸಿಕೆಯನ್ನು ಪರೀಕ್ಷೆ ಮಾಡಿಸಿ ತರಿಸಿಕೊಂಡು 2004ರ ಜುಲೈಯಲ್ಲಿ ಮತ್ತೆ ಶುರು ಮಾಡಿದರು. ಅಷ್ಟರಲ್ಲಿ ವೈರಸ್ ಅಲ್ಲಿಂದ ಹಲವು ದೇಶಗಳಿಗೆ ಹರಡಿತ್ತು. 2011ರಲ್ಲಿ ಪಾಕಿಸ್ತಾನದ ಅಬೊಟ್ಟಾಬಾದಿನಲ್ಲಿ ಬಿನ್ ಲಾಡೆನ್‌ನನ್ನು ಪತ್ತೆಹಚ್ಚಲು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಹೆಪಟೈಟಿಸ್-ಬಿ ಲಸಿಕೆಯ ಸೋಗು ಹಾಕಿದ್ದನ್ನೂ ಇಲ್ಲಿ ಹೇಳಬೇಕು. ಲಸಿಕೆಯವರು ಗೂಢಚಾರರು ಎಂಬ ಮಾತಿಗೆ ಅದು ಪುರಾವೆ ಒದಗಿಸಿಬಿಟ್ಟಿತು, ಬೆಲೆ ತೆತ್ತವರು ಮನೆಮನೆಗೆ ಹೋಗುವ ಪೋಲಿಯೊ ಕಾರ್ಯಕರ್ತರು. ಇಂಥ ಕಡೆ "ಅದೆಲ್ಲ ಸುಳ್ಳು" ಎನ್ನುವುದು ನಮ್ಮ ಕಡೆಯ ಸುಳ್ಳಾಗುತ್ತದೆ. ಆದದ್ದನ್ನು ಆಯಿತೆಂದು ಒಪ್ಪಿಕೊಂಡೇ ಮುಂದಿನ ಮಾತು.

ಶಾಲೆಗಳಲ್ಲಿ ಕಾಣುವ ಸಾಮೂಹಿಕ ತಲೆಸುತ್ತಿನ ಬಗ್ಗೆ ತಿಳಿದಿದ್ದರೆ ಅರ್ಧ ಗಾಬರಿ ತಪ್ಪುತ್ತದೆ. ಒಬ್ಬ ಹುಡುಗಿ ಕುಸಿಯುತ್ತಾಳೆ, ಸಾಲಿನಲ್ಲಿ ನಿಂತವರು ನೋಡುತ್ತಾರೆ, ಇನ್ನೂ ನಾಲ್ವರು ಕುಸಿಯುತ್ತಾರೆ, ಮೊಬೈಲಿನಲ್ಲಿ ತೆಗೆದ ವಿಡಿಯೊ ಸಂಜೆಯೊಳಗೆ ಊರು ಸುತ್ತುತ್ತದೆ. ಕೊಲಂಬಿಯಾದ ಕಾರ್ಮೆನ್ ದೆ ಬೊಲಿವಾರ್‌ನಲ್ಲಿ 2014ರಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ನಂತರ ಹೀಗಾಗಿ ದೇಶದಲ್ಲೇ ಆ ಲಸಿಕೆ ನೆಲಕಚ್ಚಿತು. ಆತಂಕದಿಂದ ಬರುವ ತಲೆಸುತ್ತು ನಾಟಕವಲ್ಲ. ರಕ್ತದೊತ್ತಡ ನಿಜಕ್ಕೂ ಇಳಿದಿರುತ್ತದೆ. ಲಸಿಕೆ ಹಾಕುವ ಜಾಗ ಕಾಯುವವರ ಕಣ್ಣಿಗೆ ಬೀಳದಂತಿರಲಿ. ಮಕ್ಕಳು ಉಪವಾಸ ಬಂದಿರದಂತೆ ನೋಡಿಕೊಳ್ಳಿ, ಕೂರಿಸಿಯೇ ಚುಚ್ಚಿ, ಆಮೇಲೆ 15 ನಿಮಿಷ ಕೂರಿಸಿಕೊಳ್ಳಿ. ಮುಖ ಬಿಳಿಚಿ, ಬೆವರಿ, ನಾಡಿ ನಿಧಾನವಾಗಿ, ಮಲಗಿಸಿದೊಡನೆ ಚೇತರಿಸಿಕೊಂಡರೆ ಅದು ತಲೆಸುತ್ತು. ಮೈಮೇಲೆ ದದ್ದು, ತುಟಿ ಊತ, ಉಬ್ಬಸ, ನಾಡಿ ಜೋರು ಇದ್ದರೆ ಅನಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯವಾಗುವ ತೀವ್ರ ಅಲರ್ಜಿ. ತಡಮಾಡದೆ ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್, ಕಿಲೋ ತೂಕಕ್ಕೆ 0.01 ಮಿಲಿಗ್ರಾಂ, ಗರಿಷ್ಠ 0.5 ಮಿಲಿಗ್ರಾಂ.

ಉತ್ತರ ಬರೆಯುವಾಗ ತಲೆಬರಹದಲ್ಲಿ ವದಂತಿ ಬೇಡ, ನಿಜ ಇರಲಿ. ವದಂತಿಯನ್ನು ಒಂದೇ ಸಲ, "ಇದು ತಪ್ಪು" ಎಂಬ ಎಚ್ಚರಿಕೆ ಮುಂದಿಟ್ಟು ಹೇಳಿ. ಅದು ಎಲ್ಲಿ ದಾರಿ ತಪ್ಪಿಸುತ್ತದೆ ಎಂದು ವಿವರಿಸಿ. ನಿಜವನ್ನು ಇನ್ನೊಮ್ಮೆ ಹೇಳಿ ಮುಗಿಸಿ. ನಾಲ್ಕೈದು ಮಂದಿಯಷ್ಟೇ ಕೇಳಿರುವ ವದಂತಿಗೆ ಪತ್ರಿಕಾ ಪ್ರಕಟಣೆ ಕೊಟ್ಟರೆ ಊರಿಗೆಲ್ಲ ಹಂಚಿದಂತೆ. ಕೇಳಿದವರಿಗೆ ನೇರವಾಗಿ ಉತ್ತರಿಸಿ. "ನೂರಕ್ಕೆ ನೂರು ಸುರಕ್ಷಿತ" ಎಂಬ ಮಾತನ್ನು ಬಳಸಲೇಬೇಡಿ. ಎಂಎಂಆರ್ ನಂತರ ಒಂದೆರಡು ವಾರದೊಳಗೆ ಜ್ವರದಿಂದ ಫಿಟ್ಸ್ ಬರುವುದು 3,000ದಿಂದ 4,000 ಡೋಸಿಗೆ ಒಮ್ಮೆ, ತೀವ್ರ ಅಲರ್ಜಿ 10 ಲಕ್ಷಕ್ಕೆ ಸುಮಾರು ಒಮ್ಮೆ. ದಡಾರ ಬಂದರೆ 1,000ಕ್ಕೆ ಒಬ್ಬರಿಗೆ ಮಿದುಳಿನ ಉರಿಯೂತ. ಹೋಲಿಸುವಾಗ ಎಲ್ಲವನ್ನೂ 10 ಲಕ್ಷಕ್ಕೆ ಇಷ್ಟು ಎಂದೇ ಬರೆಯಿರಿ, ಇಲ್ಲದಿದ್ದರೆ ಓದುವವರು ದೊಡ್ಡ ಅಂಕಿಯನ್ನೇ ದೊಡ್ಡ ಅಪಾಯವೆಂದು ತಿಳಿಯುತ್ತಾರೆ. ಕಂಪನಿಗಳು ಎಲ್ಲವನ್ನೂ ಮುಚ್ಚಿಹಾಕುತ್ತವೆ ಎನ್ನುವವರಿಗೆ ರೋಟಾಶೀಲ್ಡ್ ಬಗ್ಗೆ ಹೇಳಬಹುದು. 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಆ ಲಸಿಕೆಯಿಂದ ಸುಮಾರು 10,000ಕ್ಕೆ ಒಂದು ಮಗುವಿಗೆ ಕರುಳು ಮಡಚಿಕೊಳ್ಳುವ ತೊಂದರೆ ಆಗುತ್ತದೆಂದು ನಿಗಾ ವ್ಯವಸ್ಥೆ ಪತ್ತೆಹಚ್ಚಿತು, 1999ರಲ್ಲೇ ಅದು ಮಾರುಕಟ್ಟೆಯಿಂದ ಹೊರಬಿತ್ತು.

ಎದುರಾಎದುರು ಮಾತಿನಲ್ಲಿ "ಲಸಿಕೆ ಹಾಕಿಸ್ತೀರಾ?" ಎಂದು ಕೇಳುವುದಕ್ಕಿಂತ "ಪಾಪುಗೆ ಇವತ್ತು ಎರಡು ಲಸಿಕೆ ಇದೆ" ಎಂದು ಶುರು ಮಾಡುವುದು ಲೇಸು. ತಾಯಿ ಹಿಂಜರಿದರೆ ವಾದಕ್ಕಿಳಿಯದೆ "ನಿಮಗೆ ಯಾವುದರ ಭಯ ಹೇಳಿ" ಎಂದು ಕೇಳಿ ಸುಮ್ಮನಿರಿ. ಬಹಳ ಮಂದಿಗೆ ಇರುವುದು ಒಂದೇ ಒಂದು ಪ್ರಶ್ನೆ. ಅವರು ಕೇಳದ ಹತ್ತಕ್ಕೆ ನಾವು ಉತ್ತರಿಸಿದರೆ ಹತ್ತು ಹೊಸ ಭಯ ಕೊಟ್ಟು ಕಳಿಸಿದಂತಾಗುತ್ತದೆ.

ಸಾವೊಂದು ವರದಿಯಾದ ದಿನ ಗಂಟೆಗಳು ಮುಖ್ಯ. ಮೊದಲು ಮನೆಯವರ ಬಳಿ ಹೋಗಬೇಕು, ಕ್ಯಾಮೆರಾ ಇಲ್ಲದೆ. ಅದೇ ದಿನ ಒಬ್ಬರೇ ವಕ್ತಾರರು ಮೂರು ಸಂಗತಿ ಹೇಳಬೇಕು: ಗೊತ್ತಿರುವುದೇನು, ಗೊತ್ತಿಲ್ಲದ್ದೇನು, ಮುಂದಿನ ಮಾಹಿತಿ ಎಷ್ಟು ಗಂಟೆಗೆ. ಆ ಗಂಟೆಗೆ ಹೊಸದೇನೂ ಇಲ್ಲದಿದ್ದರೂ ಬಂದು ಹಾಗೆಂದೇ ಹೇಳಬೇಕು. ಅನುಮಾನವಿರುವ ಬ್ಯಾಚನ್ನು ತಡೆಹಿಡಿದರೆ, ತಡೆ ಯಾವಾಗ ಮತ್ತು ಯಾವ ಪರೀಕ್ಷೆಯ ಮೇಲೆ ತೆರವಾಗುತ್ತದೆಂದು ಅಂದೇ ತಿಳಿಸಿ. ಜಪಾನ್ 2013ರ ಜೂನಿನಲ್ಲಿ ಎಚ್‌ಪಿವಿ ಲಸಿಕೆಯ ಶಿಫಾರಸನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು, ಶೇ. 70ರಷ್ಟಿದ್ದ ಪ್ರಮಾಣ ಶೇ. 1ಕ್ಕಿಂತ ಕೆಳಗೆ ಬಿತ್ತು, ಶಿಫಾರಸು ಮರಳಿ ಜಾರಿಯಾದದ್ದು 2022ರ ಏಪ್ರಿಲಿನಲ್ಲಿ.

ವದಂತಿಗಳಿಗೊಂದು ದಾಖಲೆ ಪುಸ್ತಕ ಇಡಿ: ಕೇಳಿದ ದಿನ, ಜಾಗ, ಅವರದೇ ಮಾತು, ಹೇಗೆ ಬಂತು, ಎಷ್ಟು ಮಂದಿ ಕೇಳಿರಬಹುದು, ಒಳಗಿನ ನಿಜ ಯಾವುದು, ಉತ್ತರ ಕೊಟ್ಟವರು ಯಾರು. ತನಿಖೆಯ ವರದಿ ಬರಲು ವಾರಗಳು ಹಿಡಿಯುತ್ತವೆ, ಅಷ್ಟರಲ್ಲಿ ಪತ್ರಿಕೆಗಳು ಮರೆತಿರುತ್ತವೆ, ಆ ಬೀದಿಯವರು ಮರೆತಿರುವುದಿಲ್ಲ. ವರದಿಯನ್ನು ಮೊದಲು ಮನೆಯವರಿಗೆ ಓದಿ ಹೇಳಿ, ಆಮೇಲೆ ವದಂತಿ ಹರಡಿದ್ದ ಅದೇ ಗುಂಪುಗಳಿಗೆ, ಅವರು ನಂಬುವವರ ಬಾಯಿಂದಲೇ ತಲುಪಿಸಿ. ಕೊನೆಯ ಕಾಲಂನಲ್ಲಿ ಅದು ತಲುಪಿದ ದಿನಾಂಕ ಬರೆಯುವವರೆಗೆ ಆ ಸಾಲನ್ನು ಮುಗಿಯಿತೆಂದು ಗುರುತು ಹಾಕಬೇಡಿ.