407ಕ್ಕೆ ಮುಂದಿನ ಜೋಡಿ ಶಾಕ್

8 ಜೂನ್ 2025, ಭಾನುವಾರ

ಟಾಟಾ 407 ಮಿನಿ ಲಾರಿಯ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ (ಗಾಡಿಯ ಕುಲುಕಾಟ ಅಡಗಿಸುವ ಎಣ್ಣೆ ತುಂಬಿದ ಕೊಳವೆ) ಇವತ್ತು ಬದಲಾದವು. ಹಿಂದಿನವು ಸದ್ಯಕ್ಕೆ ಹಾಗೇ ಇರಲಿ. ದುಡ್ಡು ಸಾಲದಿದ್ದಾಗ ಮುಂದಿನ ಜೋಡಿಗೇ ಮೊದಲ ಪಾಳಿ, ಸ್ಟೇರಿಂಗ್ ಹಿಡಿತ ಇರುವುದು ಅಲ್ಲೇ. ಒಂದೇ ಪಕ್ಕ ಹೊಸದು ಹಾಕಿದರೆ ಎಡ-ಬಲ ಒಂದೇ ಹದಕ್ಕೆ ಬರುವುದಿಲ್ಲ, ಹಾಗಾಗಿ ಜೋಡಿಯೇ ಬೇಕು.

ಶಾಕ್ ಕೆಟ್ಟಿದೆಯೇ ಎಂದು ಕಾರಿನ ಹಾಗೆ ಬಾನೆಟ್ ಒತ್ತಿ ನೋಡಿದರೆ ಇಲ್ಲಿ ಏನೂ ಗೊತ್ತಾಗದು, ಕಮಾನ್ ಪ್ಲೇಟ್ (ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಸ್ಪ್ರಿಂಗ್) ಅಷ್ಟು ಗಟ್ಟಿ. ಹಳ್ಳ-ದಿಣ್ಣೆಯ ರಸ್ತೆಯಲ್ಲಿ 15-20 ಕಿ.ಮೀ. ಓಡಿಸಿ, ನಿಲ್ಲಿಸಿದ ಕೂಡಲೇ ಒಂದೊಂದನ್ನೂ ಜೋಪಾನವಾಗಿ ಮುಟ್ಟಿ ನೋಡಿ. ಕೆಲಸ ಮಾಡುವ ಶಾಕ್ ಬಿಸಿಯಾಗಿರುತ್ತದೆ. ಜೊತೆಯದಕ್ಕಿಂತ ತಣ್ಣಗಿದ್ದರೆ ಎಣ್ಣೆ ಸೋರಿದೆ, ಇಲ್ಲವೇ ವಾಲ್ವ್ ಹೋಗಿದೆ. ಮೈಮೇಲಿನ ತೆಳು ಪಸೆಗೆ ಹೆದರಬೇಕಿಲ್ಲ. ಧೂಳು ಮೆತ್ತಿ ಕರೀ ಕೆಸರಿನಂತೆ ಕೆಳಗಿಳಿದಿದ್ದರೆ ಸೀಲ್ ಕಥೆ ಮುಗಿದಿದೆ. ಟೈರಿನ ಮೇಲೆ ಅಂಗೈ ಆಡಿಸಿ: ಅಲ್ಲಲ್ಲಿ ತಗ್ಗು ಸಿಕ್ಕರೆ, ಶಾಕ್‌ಗೆ ಉಳಿಸಿದ ದುಡ್ಡು ಟೈರಿಗೆ ಹೋಗುತ್ತಿದೆ.

ಬರೀ ಕಟಕಟ ಸದ್ದಾದರೆ ಮೊದಲು ಶಾಕ್‌ನ ತುದಿಗಳಲ್ಲಿ ಕೂರುವ ರಬ್ಬರ್ ಬುಷ್ ನೋಡಿ. ಎಷ್ಟೋ ಸಲ ಬುಷ್ ಸೆಟ್ ಒಂದರಲ್ಲೇ ಕೆಲಸ ಮುಗಿಯುತ್ತದೆ. ಕಮಾನ್ ಪ್ಲೇಟನ್ನು ಹಿಡಿದಿಡುವ ಯು-ಬೋಲ್ಟ್, ಶಾಕಲ್ ಪಿನ್ ಸಡಿಲಾಗಿದ್ದರೂ ಇದೇ ಸದ್ದು.

ರೀಫಿಲ್ ಮಾಲು ಮಾತ್ರ ಬೇಡವೇ ಬೇಡ. ಹಳೆಯ ಶಾಕ್‌ಗೇ ತೂತು ಕೊರೆದು ಎಣ್ಣೆ ತುಂಬಿ, ವೆಲ್ಡ್ ಹೊಡೆದು ಬಣ್ಣ ಬಳಿದಿರುತ್ತಾರೆ. ಸವೆದ ವಾಲ್ವ್, ಗೀರು ಬಿದ್ದ ರಾಡ್ ಒಳಗೆ ಹಾಗೇ ಇರುತ್ತವೆ. ಹೊಸದು ಕೊಳ್ಳಲು ಬೆಂಗಳೂರಿನ ಬಿಡಿಭಾಗಗಳ ಪೇಟೆ ಜೆ.ಸಿ. ರೋಡಿಗೆ ಹೋಗುವುದಾದರೆ ಹಳೆಯದನ್ನು ಕೈಯಲ್ಲೇ ಒಯ್ಯಿರಿ. ಮುಚ್ಚಿದಾಗಿನ ಉದ್ದ, ಎಳೆದಾಗಿನ ಉದ್ದ, ತುದಿಯ ಕಣ್ಣಿನ (ಪಿನ್ ತೂರುವ ಬಳೆಯ) ತೂತು ಮೂರೂ ತಾಳೆಯಾಗಬೇಕು. ಭಾರ ಹೊರುವುದು ಪ್ಲೇಟ್, ಶಾಕ್ ಅಲ್ಲ. ಹೆಚ್ಚು ಲೋಡಿಗೆಂದು ದಪ್ಪ ಶಾಕ್ ಹುಡುಕುವುದು ದಂಡ.

ಉಳಿಸುವುದಿದ್ದರೆ ಕೂಲಿಯಲ್ಲಿ ಉಳಿಸಿ, ಶಾಕ್ ನೀವೇ ಬದಲಿಸಿ. ಇದಕ್ಕೆ ಜಾಕ್ ಕೂಡ ಬೇಕಿಲ್ಲ. ಸಮತಟ್ಟಾದ ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಹಿಂದಿನ ರಾತ್ರಿಯೇ ನಟ್‌ಗಳನ್ನು ವೈರ್ ಬ್ರಷ್‌ನಿಂದ ಉಜ್ಜಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಬೇಕು. ಆದರೂ ಬಿಡದಿದ್ದರೆ ಉಳಿಯಿಂದ ನಟ್ ಸೀಳಿ, ಶಾಕ್ ಕೂರುವ ಪಿನ್‌ನ ಥ್ರೆಡ್ ಉಳಿಯಲಿ. ನಟ್ ಹೊಸದು ಸಿಗುತ್ತದೆ, ಚಾಸಿಯ ಬ್ರಾಕೆಟ್ ಹಾಳಾದರೆ ಖರ್ಚು ಬೆಳೆಯುತ್ತದೆ.

ಹೊಸ ಶಾಕ್ ಅಂಗಡಿಯಲ್ಲಿ ಅಡ್ಡ ಮಲಗಿದ್ದು ಒಳಗೆ ಗಾಳಿ ಸೇರಿರುತ್ತದೆ. ಗಾಡಿಯಲ್ಲಿ ಕೂರುವ ರೀತಿಯಲ್ಲೇ ನೆಟ್ಟಗೆ ಹಿಡಿದು ಐದಾರು ಸಲ ಪೂರಾ ಎಳೆದು ಒತ್ತಿ. ನಡುವೆ ‘ಪುಸಕ್’ ಎಂದು ಜಾರುವುದು ನಿಂತು, ಉದ್ದಕ್ಕೂ ಒಂದೇ ಬಿಗಿ ಬರಬೇಕು. ಇದನ್ನು ಬಿಟ್ಟು ಹಾಕಿ, ಹೊಸದೇ ಕೆಟ್ಟಿದೆ ಎಂದು ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗುವವರಿದ್ದಾರೆ. ರಾಡನ್ನು ಇಕ್ಕಳದಿಂದ ಹಿಡಿಯಬೇಡಿ, ಒಂದು ಗೀರು ಸಾಕು ಸೀಲ್ ಕತ್ತರಿಸಲು. ಗಾಡಿ ಚಕ್ರದ ಮೇಲೆಯೇ ನಿಂತಿರುವಾಗ ಕೊನೆಯ ಬಿಗಿ ಕೊಡಿ. ಆಕ್ಸಲ್ ನೇತಾಡುವಾಗ ಬಿಗಿದರೆ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ನೂರು ಕಿ.ಮೀ. ಓಡಿದ ಮೇಲೆ ಪಾನಾ ಹಾಕಿ ಇನ್ನೊಮ್ಮೆ ನೋಡಿ. ಹಳೆಯ ಶಾಕ್‌ಗೆ ಗ್ಯಾಸ್ ಕಟರ್ ತಾಗಿಸಲು ಯಾರಿಗೂ ಬಿಡಬೇಡಿ, ಒಳಗಿನ ಎಣ್ಣೆ ಕಾದು ಸಿಡಿಯುತ್ತದೆ. ಗುಜರಿಗೆ ಹಾಗೇ ಇಡಿಯಾಗಿ ಕೊಡಿ.