ಬಾಗಿಸಿದಾಗಲೆಲ್ಲ ತಪ್ಪುತ್ತಿದ್ದ ಫೋಕಸ್

ಬತ್ತಿದ ಕೆರೆಯಂಗಳದ ಬಿರುಕುಗಳು ಟ್ರೈಪಾಡಿನ ಮುಂದಿನಿಂದಲೇ ಹೊರಟು ದೂರದ ಗುಡ್ಡದ ತಪ್ಪಲಿನವರೆಗೂ ಹಬ್ಬಿದ್ದವು. ಹತ್ತಿರದ ಬಿರುಕಿನ ಅಂಚೂ ತಪ್ಪಲಿನ ಕಲ್ಲುಗಳೂ ಒಂದೇ ಚಿತ್ರದಲ್ಲಿ ಚೂಪಾಗಿ ಬರಬೇಕೆಂಬುದು ನನ್ನ ಆಸೆ. 4×5 ಇಂಚಿನ ಫಿಲ್ಮ್ ಹಾಳೆಯ ಕ್ಯಾಮೆರಾ, 150 ಮಿ.ಮೀ. ಲೆನ್ಸ್; ಟಿಲ್ಟ್, ಅಂದರೆ ಲೆನ್ಸನ್ನು ಬಾಗಿಸುವ ಸೌಲಭ್ಯ, ಇರುವುದೇ ಇಂಥ ನೆಲಕ್ಕಾಗಿ.

ಕಪ್ಪು ಬಟ್ಟೆ ಹೊದ್ದು, ಕ್ಯಾಮೆರಾದ ಹಿಂದೆ ಬಿಂಬ ಮೂಡುವ ಮಸುಕು ಗಾಜಾದ ಗ್ರೌಂಡ್ ಗ್ಲಾಸಿನ ಮೇಲೆ ತಲೆಕೆಳಗಾಗಿ ನಿಂತ ಗುಡ್ಡಕ್ಕೆ ಫೋಕಸ್ ಮಾಡಿ ಲೆನ್ಸನ್ನು ಮುಂದಕ್ಕೆ ಬಾಗಿಸಿದೆ. ತಪ್ಪಲು ಮಂಜಿನಲ್ಲಿ ಕರಗಿದಂತಾಯಿತು, ಬಿರುಕುಗಳೂ ಕದಡಿಹೋದವು. ನೆಟ್ಟಗೆ ನಿಲ್ಲಿಸಿದರೆ ಗುಡ್ಡ ಮತ್ತೆ ಸ್ಪಷ್ಟ. ನಾಲ್ಕು ಸಲವೂ ಹೀಗೇ. ತಿರುಪು ಸಡಿಲವೇ ಎಂದು ತಡವಿ ನೋಡಿದೆ, ಬಿಗಿಯಾಗಿಯೇ ಇತ್ತು. ಗಾಜು ಜಾಗ ತಪ್ಪಿದೆಯೇ ಎಂಬ ಅನುಮಾನವೂ ಬಂತು. ಆದರೆ ಆ ದೋಷ ಫಿಲ್ಮಿನಲ್ಲಿ ಕಾಣಬೇಕೇ ಹೊರತು ಗಾಜಿನ ಮೇಲಲ್ಲ.

ಬಟ್ಟೆಯಿಂದ ಹೊರಬಂದು, ಪಕ್ಕದಲ್ಲಿ ನಿಂತು, ಬಾಗಿಸುತ್ತಾ ಲೆನ್ಸನ್ನಷ್ಟೇ ನೋಡಿದೆ. ಅದು ಬಾಗುತ್ತಾ ಮುಂದಕ್ಕೂ ಹೋಗುತ್ತಿತ್ತು! ಈ ಕ್ಯಾಮೆರಾದಲ್ಲಿ ಕೀಲು ಇರುವುದು ಚೌಕಟ್ಟಿನ ತಳದಲ್ಲಿ, ಲೆನ್ಸಿನ ನಡುವಿಗಿಂತ 10 ಸೆಂ.ಮೀ. ಕೆಳಗೆ. ಸ್ಕೇಲ್ ಹಿಡಿದು ಅಳೆದರೆ ಆರು ಡಿಗ್ರಿಗೆ ಸುಮಾರು 10 ಮಿ.ಮೀ. ಸರಿದಿತ್ತು. 150 ಮಿ.ಮೀ. ಲೆನ್ಸಿಗೆ ಅದು ಸಣ್ಣ ಮಾತಲ್ಲ. ಅನಂತದಲ್ಲಿದ್ದ ಫೋಕಸ್ ಲೆನ್ಸಿನ ನೇರಕ್ಕೆ ಎರಡೂವರೆ ಮೀಟರಿಗಿಂತ ಹತ್ತಿರ ಬಂದುಬಿಡುತ್ತದೆ. ಬಾಗಿಸಿದ ಲೆನ್ಸಿನ ಕುರಿತ ಶೈಮ್‌ಫ್ಲುಗ್ ನಿಯಮದಿಂದ ಫೋಕಸ್‌ನ ತಲ (ಚೂಪಾಗಿ ಮೂಡುವ ಸಮತಲ) ಹೇಗೆ ವಾಲುತ್ತದೆಂದು ತಿಳಿಯುತ್ತದೆ, ಕೀಲು ಎಲ್ಲಿದೆಯೆಂದು ತಿಳಿಯುವುದಿಲ್ಲ. ಕೀಲು ಲೆನ್ಸಿನ ನಡುವಿನಲ್ಲೇ ಇರುವ ಕ್ಯಾಮೆರಾಗಳಲ್ಲಿ ಈ ತೊಂದರೆ ತೀರಾ ಕಡಿಮೆ.

ಮತ್ತೆ ಬಟ್ಟೆಯೊಳಗೆ ಹೋದೆ. ಈ ಸಲ ಎರಡೇ ಡಿಗ್ರಿ ಬಾಗಿಸಿ, ಲೆನ್ಸನ್ನು ಹಿಂದೆ ಸರಿಸಿ ಗುಡ್ಡವನ್ನು ಮರಳಿ ಹಿಡಿದೆ. ಆಮೇಲಷ್ಟೇ ಬಿರುಕಿನತ್ತ ನೋಡಿದೆ. ಬಿರುಕಿಗಾಗಿ ಲೆನ್ಸನ್ನು ಇನ್ನೂ ಮುಂದೆ ತರಬೇಕಾದರೆ ಟಿಲ್ಟ್ ಸಾಲದು, ಹಿಂದಕ್ಕೆ ಒಯ್ಯಬೇಕಾದರೆ ಹೆಚ್ಚಾಯಿತು. ಈ ಒಂದು ಸುಳಿವು ಯಾವ ಲೆಕ್ಕದ ಪಟ್ಟಿಗಿಂತಲೂ ನನಗೆ ಹೆಚ್ಚು. ಹೀಗೆ ಟಿಲ್ಟ್ ತಿದ್ದುತ್ತಾ ಮೂರು ಸುತ್ತಿಗೆ ಹತ್ತಿರವಾಯಿತು, ನಾಲ್ಕನೆಯದಕ್ಕೆ ಕೂತಿತು. ತಿರುಪು ಬಿಗಿಯುವಾಗಲೂ ಕೂದಲೆಳೆಯಷ್ಟು ಅಲುಗುವುದುಂಟು, ಆದ್ದರಿಂದ ಬಿಗಿದ ಮೇಲೂ ಲೂಪ್ (ಪುಟ್ಟ ಭೂತಗನ್ನಡಿ) ಇಟ್ಟು ನೋಡಿದೆ.

ಗಾಜಿನ ಮೇಲಂಚಿನಲ್ಲಿ ಮುರುಟಿ ಮೇಲೆದ್ದ ಒಣಮಣ್ಣಿನ ಹೆಕ್ಕಳೆ, ಕೆಳಗೆ ತಪ್ಪಲಿನ ಒಂದೊಂದು ಕಲ್ಲಿನ ನೆರಳು. ಗುಡ್ಡದ ನೆತ್ತಿ ಮಾತ್ರ ತುಸು ಮೃದುವಾಗಿತ್ತು. ಅದಕ್ಕೆಂದು ಲೆನ್ಸಿನ ಕಿಂಡಿಯನ್ನು ಎಫ್/22ಕ್ಕೆ ಕಿರಿದಾಗಿಸಿ, ಶಟರ್ ಮುಚ್ಚಿ, ಫಿಲ್ಮ್ ಹೋಲ್ಡರ್ ಒಳಗೆ ಸರಿಸಿದೆ.